ಮಂಚ ಹಿಡಿದ ಅತ್ತೆ, ಬಿಡುವಿಲ್ಲದ ಸೊಸೆ

ಪ್ರಶ್ನೆ: ಲಕ್ವ ಹೊಡೆದು ಮಂಚ ಹಿಡಿದಿರುವ ಅತ್ತೆಯವರನ್ನು ಎರಡು ವರ್ಷಗಳಿಂದ ಒಬ್ಬಳೇ ನೋಡಿಕೊಳ್ಳುತ್ತಿದ್ದೇನೆ. ನಮ್ಮ ಚರ್ಚಿನ ಸಭೆಯವರು ಬಂದು ಪ್ರಾರ್ಥಿಸಿ ಹೋಗುತ್ತಾರೆ. ಆದರೆ ಭಾನುವಾರದ ಆರಾಧನೆಗೂ ನನಗೆ ಹೋಗಲಾಗುತ್ತಿಲ್ಲ. ಇನ್ನೂ ಹೆಚ್ಚಿನ ನೆರವು ಕೇಳುವುದು ತಪ್ಪೇ?
– ಓದುಗರೊಬ್ಬರು, ಸಿಂಧನೂರು, ರಾಯಚೂರು ಜಿಲ್ಲೆ

ಉತ್ತರ: ಖಂಡಿತ ತಪ್ಪಲ್ಲ. ಬೈಬಲಿನ ವಿಮೋಚನಕಾಂಡದ 17ನೆಯ ಅಧ್ಯಾಯದಲ್ಲಿ, ಯುದ್ಧ ಗೆಲ್ಲಲೆಂದು ಕೈಯೆತ್ತಿ ಹಿಡಿದಿದ್ದ ಇಸ್ರಾಯೇಲರ ನಾಯಕ ಮೋಶೆಯ ಕೈಗಳು ಸೋತಾಗ ಜೊತೆಗಿದ್ದ ಆರೋನನೂ ಹೂರನೂ ಅವನನ್ನು ಕಲ್ಲಿನ ಮೇಲೆ ಕೂರಿಸಿ, ಸೂರ್ಯ ಮುಳುಗುವವರೆಗೆ ಆ ಕೈಗಳಿಗೆ ಆಧಾರವಾಗಿ ನಿಂತರು. ಆಸರೆ ನೀಡುವವರಿಗೂ ಆಸರೆ ಬೇಕೆಂಬುದನ್ನು ಇದಕ್ಕಿಂತ ನೇರವಾಗಿ ತೋರಿಸುವ ಪ್ರಸಂಗ ನನಗೆ ತಿಳಿದಿಲ್ಲ. ಆದ್ದರಿಂದ ಸಭಾಪಾಲಕರಲ್ಲಿ ‘ಸಹಾಯ ಮಾಡಿ’ ಎಂದಷ್ಟೇ ಹೇಳದೆ, ಸ್ತ್ರೀಯರ ಕೂಟದ ಇಬ್ಬರು ಪ್ರತಿ ಭಾನುವಾರ ಬೆಳಿಗ್ಗೆ ಮೂರು ತಾಸು ಅತ್ತೆಯವರ ಬಳಿ ಇರಲಿ ಎಂದು ನಿರ್ದಿಷ್ಟವಾಗಿ ಕೇಳಿರಿ. ಬೆನ್ನಿಗೆ ಹುಣ್ಣಾಗದಂತೆ ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸುವುದನ್ನೂ, ನೆತ್ತಿಗೇರದಂತೆ ತಲೆ ಎತ್ತರಿಸಿ ಗಂಜಿ ಕುಡಿಸುವುದನ್ನೂ ಬರುವವರಿಗೆ ಮೊದಲೇ ತೋರಿಸಿಕೊಡಿರಿ. ಅತ್ತೆಯವರು ಒಪ್ಪುವವರೇ ಬರಲಿ; ಲಕ್ವ ಮಾತನ್ನು ಕಸಿದರೂ ಸಂಕೋಚವನ್ನು ಕಸಿಯುವುದಿಲ್ಲ. ಸರ್ಕಾರಿ ಸೌಲಭ್ಯಗಳ ಮಾಹಿತಿಗೆ ಹಿರಿಯ ನಾಗರಿಕರ ಉಚಿತ ಸಹಾಯವಾಣಿ 14567ಕ್ಕೆ ಕರೆ ಮಾಡಬಹುದು.