ಸೈನಿಕರ ಕಾಗದ-ಪತ್ರ: ಟ್ರೈನಿಂಗ್‌ನಿಂದಲೇ ಮನೆಗೆ ಕಳಿಸಿದ್ದಾರೆ, ಅಪೀಲು ಮಾಡಬಹುದಾ?

(ಓದುಗರ ಪ್ರಶ್ನೆಗಳಿಗೆ ನಿವೃತ್ತ ಸುಬೇದಾರ್ ಕ್ಲರ್ಕ್ ಒಬ್ಬರ ಉತ್ತರ)

ಪ್ರಶ್ನೆ: ನಾನು ಬ್ಯಾಡಗಿ ತಾಲ್ಲೂಕಿನವನು, ವಯಸ್ಸು 20. ಅಗ್ನಿವೀರನಾಗಿ ಆಯ್ಕೆಯಾಗಿ ಟ್ರೈನಿಂಗ್ ಸೆಂಟರ್‌ಗೆ ಹೋಗಿದ್ದೆ. 17ನೇ ವಾರದಲ್ಲಿ ಒಂದು ದಿನ ಬೆಳಗಿನ ಓಟ ಮುಗಿಸಿ ಲೈನಿನಲ್ಲಿ ನಿಂತಿದ್ದಾಗ ಬಿದ್ದುಬಿಟ್ಟೆ. ಕೈಕಾಲು ಅದುರಿತು ಅಂತ ಜೊತೆಯವರು ಹೇಳಿದರು. ಮಿಲಿಟರಿ ಆಸ್ಪತ್ರೆಯಲ್ಲಿ ಇಟ್ಟುಕೊಂಡು, ಫಿಟ್ಸ್ ಅಂತ ಬರೆದು, ಮೆಡಿಕಲ್ ಬೋರ್ಡ್ (ಸೈನ್ಯದ ಡಾಕ್ಟರ ಮಂಡಳಿಯ ಪರೀಕ್ಷೆ) ಮಾಡಿ ಕಳಿಸಿದರು. ಕಾಗದದಲ್ಲಿ ಅಂಗವೈಕಲ್ಯ ಶೇ. 20 ಅಂತಿದೆ. ಸೇವೆಗೂ ಕಾಯಿಲೆಗೂ ಸಂಬಂಧ ಇಲ್ಲ ಅಂತಲೂ ಇದೆ. ನನಗೆ ಮೊದಲು ಯಾವತ್ತೂ ಹೀಗಾಗಿಲ್ಲ, ಮನೆಯಲ್ಲಿ ಯಾರಿಗೂ ಇಲ್ಲ. ಬಂದು ಎರಡು ತಿಂಗಳಾಯಿತು. ಊರಲ್ಲಿ ‘ಓಡಿ ಬಂದ’ ಅಂತಾರೆ. ಅಪೀಲು ಮಾಡಿದರೆ ವಾಪಸ್ ತೆಗೆದುಕೊಳ್ಳುತ್ತಾರಾ?

ಉತ್ತರ: ‘ಓಡಿ ಬಂದ’ ಅನ್ನುವವರಿಗೆ ಮೊದಲು ಉತ್ತರ ಹೇಳಿಬಿಡೋಣ. ಓಡಿ ಬಂದವನ ಕೈಯಲ್ಲಿ ಡಿಸ್ಚಾರ್ಜ್ ಕಾಗದ ಇರುವುದಿಲ್ಲ. ಅವನನ್ನು ಹಿಡಿದು ಒಪ್ಪಿಸಿ ಅಂತ ಊರಿನ ಪೊಲೀಸ್ ಠಾಣೆಗೆ ಪತ್ರ ಬರುತ್ತದೆ. ನಿನ್ನ ಕೈಯಲ್ಲಿ ಮೆಡಿಕಲ್ ಬೋರ್ಡಿನ ಕಾಗದ ಇದೆ. ನಿನ್ನ ಮೇಲೆ ಯಾವ ಕಳಂಕವೂ ಇಲ್ಲ.

ನಾನು 24 ವರ್ಷ ಕ್ಲರ್ಕ್ ಆಗಿದ್ದೆ. ಅದರಲ್ಲಿ ಅರ್ಧ ಸೈನಿಕರ ಸೇವಾ ಕಡತ ಇಡುವ ಒಂದು ರೆಕಾರ್ಡ್ ಆಫೀಸಿನಲ್ಲೇ ಕಳೆಯಿತು. ಬೋರ್ಡ್ ಆಗಿ ಮನೆಗೆ ಹೊರಟ ಹುಡುಗರು ನನ್ನ ಮೇಜಿನ ಮುಂದೆಯೇ ಹಾದುಹೋಗುತ್ತಿದ್ದರು. ಸೆಂಟರಿನಲ್ಲಿ ಹೊಡೆದ ಕ್ರಾಪು ಇನ್ನೂ ಬೆಳೆದಿರುತ್ತಿರಲಿಲ್ಲ. ಕೈಯಲ್ಲಿ ಕರಿ ಟ್ರಂಕು, ಅದರ ಮೇಲೆ ಬಿಳಿ ಬಣ್ಣದಲ್ಲಿ ನಂಬರು, ಹೆಸರು. ಒಬ್ಬ ಹುಡುಗ ಹೊರಗೆ ಮೆಟ್ಟಿಲ ಮೇಲೆ ಕೂತು ಬ್ಲೇಡಿನಿಂದ ಆ ನಂಬರು ಕೆರೆಯುತ್ತಿದ್ದ. ಯಾಕಪ್ಪ ಅಂದೆ. ‘ಊರಲ್ಲಿ ಬಸ್ ಇಳಿದಾಗ ಯಾರಾದ್ರೂ ಓದ್ತಾರೆ ಸರ್’ ಅಂದ. ಅವನಿಗೆ ಕೊಟ್ಟ ಕಾಗದದ ಕೊನೆಯಲ್ಲಿ ಅಪೀಲಿನ ಬಗ್ಗೆ ಎರಡು ಸಾಲು ಇತ್ತು. ನಾನೇ ಟೈಪ್ ಮಾಡಿದ್ದು. ಅವನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ನಾನು ಓದಿ ಹೇಳಲಿಲ್ಲ. ಯಾರೂ ಹೇಳಲಿಲ್ಲ. ಆ ಹುಡುಗ ಇವತ್ತಿಗೂ ಕಣ್ಣ ಮುಂದೆ ಬರುತ್ತಾನೆ. ಅದಕ್ಕೇ ನಿನಗೆ ಬಿಡಿಸಿ ಹೇಳುತ್ತಿದ್ದೇನೆ.

ನಿನ್ನ ಮುಂದೆ ಇರುವುದು ಎರಡು ಬೇರೆ ಬೇರೆ ಪ್ರಶ್ನೆ. ನನಗೆ ಬಂದದ್ದು ನಿಜವಾಗಿ ಫಿಟ್ಸಾ? ಇದು ಒಂದು. ಫಿಟ್ಸೇ ಆಗಿದ್ದರೆ, ಅದಕ್ಕೆ ಟ್ರೈನಿಂಗ್ ಕಾರಣವಾ? ಇದು ಇನ್ನೊಂದು. ವಾಪಸ್ ಹೋಗುವ ಆಸೆ ಮೊದಲನೆಯದಕ್ಕೆ ಸೇರಿದ್ದು. ಪರಿಹಾರ ಎರಡನೆಯದಕ್ಕೆ. ಹೆಚ್ಚಿನವರು ಎರಡನ್ನೂ ಒಂದೇ ಅರ್ಜಿಯಲ್ಲಿ ಕಲಸಿ, ಎರಡನ್ನೂ ಕಳೆದುಕೊಳ್ಳುತ್ತಾರೆ.

ಫಿಟ್ಸ್ ಅನ್ನುವುದು ಖಚಿತವಾದರೆ ಸಮವಸ್ತ್ರ ಮತ್ತೆ ಸಿಗುವುದು ಬಹಳ ಕಷ್ಟ. ನಿನಗೆ ಸುಳ್ಳು ಭರವಸೆ ಕೊಡಲಾರೆ. ರಾತ್ರಿ ಸಂತ್ರಿ ಡ್ಯೂಟಿಯಲ್ಲಿ ಗುಂಡು ತುಂಬಿದ ರೈಫಲ್ ಹಿಡಿದು ಒಬ್ಬನೇ ನಿಲ್ಲಬೇಕಾದ ಕೆಲಸ ಅದು. ಆದರೆ ನಿನ್ನ ಪತ್ರದ ಒಂದು ಮಾತು ನನಗೆ ಮುಖ್ಯ ಅನಿಸಿತು. ನೀನು ಓಡುವಾಗ ಬಿದ್ದಿಲ್ಲ, ಓಟ ಮುಗಿಸಿ ನಿಂತಾಗ ಬಿದ್ದೆ. ಜೋರಾಗಿ ಓಡಿ ತಟ್ಟನೆ ಅಲುಗಾಡದೆ ನಿಂತರೆ ರಕ್ತ ಕಾಲಿಗೆ ಇಳಿಯುತ್ತದೆ. ಬಿ.ಪಿ. ಕುಸಿದು ತಲೆ ಸುತ್ತಿ ಬೀಳುತ್ತಾರೆ. ಹಾಗೆ ಬಿದ್ದವರಿಗೂ ಕೆಲವು ಸೆಕೆಂಡು ಕೈಕಾಲು ಅದುರುವುದುಂಟು. ನೋಡಿದವರು ಫಿಟ್ಸ್ ಅಂದುಕೊಳ್ಳುತ್ತಾರೆ. ಆದರೆ ಹಾಗೆ ಬಿದ್ದವನಿಗೆ ಬೇಗ ಎಚ್ಚರ ಆಗುತ್ತದೆ, ಎದ್ದ ಕೂಡಲೇ ಎಲ್ಲಿದ್ದೇನೆ ಅನ್ನುವುದು ಗೊತ್ತಾಗುತ್ತದೆ. ಫಿಟ್ಸ್ ಆದರೆ ಸಾಮಾನ್ಯವಾಗಿ ಒಂದೆರಡು ನಿಮಿಷ ನಡೆಯುತ್ತದೆ. ನಾಲಿಗೆಯ ಪಕ್ಕ ಕಚ್ಚಿಕೊಂಡಿರಬಹುದು. ಎದ್ದ ಮೇಲೂ ಸುಮಾರು ಹೊತ್ತು ಮಂಕು ಕವಿದಿರುತ್ತದೆ. ನಿನಗೆ ಯಾವುದಾಯಿತು ಅಂತ ನಾನು ಹೇಳಲಾರೆ. ಡಾಕ್ಟರು ಹೇಳಬೇಕು. ಆದರೆ ಡಾಕ್ಟರಿಗೆ ಬೇಕಾದ ಸಾಕ್ಷಿ ನಿನ್ನ ಸ್ಕ್ವಾಡಿನ ಹುಡುಗರ ಹತ್ತಿರ ಇದೆ. ಪಕ್ಕದಲ್ಲಿ ನಿಂತಿದ್ದ ಇಬ್ಬರಿಗೆ ಇವತ್ತೇ ಫೋನ್ ಮಾಡು. ಎಷ್ಟು ಹೊತ್ತು ಅದುರಿತು, ಕಣ್ಣು ಹೇಗಿತ್ತು, ಎದ್ದು ಮೊದಲು ಏನು ಮಾತಾಡಿದೆ, ಎಲ್ಲ ಅವರ ಕೈಯಲ್ಲೇ ಬರೆಸಿ, ತಾರೀಖು ಹಾಕಿಸಿ ತರಿಸಿಕೋ.

ಆಮೇಲೆ ಧಾರವಾಡದ ಡಿಮ್ಹಾನ್ಸ್ ಆಸ್ಪತ್ರೆಗೆ ಹೋಗು, ನಿಮ್ಮೂರಿಗೆ ಅದೇ ಹತ್ತಿರ. ಬೇಕಾದರೆ ಬೆಂಗಳೂರಿನ ನಿಮ್ಹಾನ್ಸ್. ಆಸ್ಪತ್ರೆಯ ಕೇಸ್ ಶೀಟ್, ಇಇಜಿ (ಮೆದುಳಿನ ಅಲೆಗಳ ಪರೀಕ್ಷೆ), ಸ್ಕ್ಯಾನ್, ಬಿದ್ದ ದಿನದ ರಕ್ತಪರೀಕ್ಷೆ ಎಲ್ಲವನ್ನೂ ತೋರಿಸು. ಆ ದಿನದ ಸೋಡಿಯಂ, ಸಕ್ಕರೆ, ಮೈಬಿಸಿ ಎಷ್ಟಿತ್ತು ಅನ್ನುವುದು ಬಹಳ ಮುಖ್ಯ. ಬಿಸಿಲಲ್ಲಿ ಬೆವರು ಹರಿಸಿ ಬರೀ ನೀರು ಜಾಸ್ತಿ ಕುಡಿದರೆ ಸೋಡಿಯಂ ಇಳಿಯುತ್ತದೆ, ಅದರಿಂದಲೂ ಫಿಟ್ಸ್ ಬರಬಹುದು. ನಿದ್ದೆಗೇಡು, ಜ್ವರ, ತಲೆಗೆ ಬಿದ್ದ ಪೆಟ್ಟು, ಲಾಡಿಹುಳದ ಮರಿ ಮೆದುಳಿಗೆ ಸೇರುವುದು, ಹೀಗೆ ಕಾರಣ ಹಲವು. ಒಂದು ಸಲ ಬಂದ ಮಾತ್ರಕ್ಕೆ ಅದು ಮೂರ್ಛೆರೋಗ ಅಲ್ಲ.

ಮಾತ್ರೆ ಕೊಟ್ಟಿದ್ದರೆ ಸುಮ್ನೆ ನಿಲ್ಲಿಸಬೇಡ. ‘ನನಗೇನೂ ಆಗಿಲ್ಲ’ ಅಂತ ತೋರಿಸೋಕೆ ಹುಡುಗರು ಹಾಗೆ ಮಾಡುತ್ತಾರೆ. ತಟ್ಟನೆ ನಿಲ್ಲಿಸಿದರೆ ಅದೇ ಫಿಟ್ಸ್ ತರಿಸಬಹುದು. ಡಾಕ್ಟರು ಸರಿ ಅನ್ನುವವರೆಗೆ ಬೈಕ್, ಬಾವಿ, ಕೆರೆ ಬೇಡ. ಈ ಹಣೆಪಟ್ಟಿ ತಪ್ಪಾಗಿದ್ದರೆ ತೆಗೆಸಲೇಬೇಕು, ಯಾಕಂದ್ರೆ ಅದು ಸೈನ್ಯಕ್ಕೆ ಮುಗಿಯುವುದಿಲ್ಲ. ಡ್ರೈವಿಂಗ್ ಲೈಸೆನ್ಸಿನ ಫಾರ್ಮ್ 1ರಲ್ಲೇ ಮೂರ್ಛೆರೋಗ ಇದೆಯಾ ಅಂತ ಕೇಳುತ್ತಾರೆ.

ಇನ್ನು ಕಾರಣದ ಪ್ರಶ್ನೆ. ಬೋರ್ಡಿನ ಕಾಗದದಲ್ಲಿ ಕಾಯಿಲೆ ಸೇವೆಯಿಂದ ಬಂತಾ, ಸೇವೆಯಿಂದ ಜಾಸ್ತಿ ಆಯಿತಾ ಅನ್ನುವ ಕಲಂ ಇರುತ್ತದೆ. ಎರಡಕ್ಕೂ ಇಲ್ಲ ಅಂದರೆ ಆಫೀಸಿನಲ್ಲಿ ‘ನಾನಾ ಕೇಸು’ (ಇಂಗ್ಲಿಷಿನ NANA, Neither Attributable Nor Aggravated) ಅಂತೀವಿ. ಆ ‘ಇಲ್ಲ’ದ ಪಕ್ಕದಲ್ಲಿ ಕಾರಣ ಬರೆಯಲು ಜಾಗ ಇದೆ. ನಿನ್ನ ಕಾಗದ ತೆಗೆದು ಆ ಜಾಗ ನೋಡು. ನಿನ್ನ ಕೇಸಿನ ಪ್ರಾಣ ಇರುವುದು ಅಲ್ಲಿ. ಬರೀ ‘ಹುಟ್ಟಿನಿಂದ ಬಂದ ಸ್ವಭಾವದ ಕಾಯಿಲೆ’ ಅನ್ನುವಂಥ ಒಂದು ಸಾಲು ಇದೆಯಾ? ಅಥವಾ ನಿನ್ನ ಪರೀಕ್ಷೆಗಳನ್ನು ನೋಡಿ ಯಾಕೆ ಅಂತ ವಿವರಿಸಿದ್ದಾರಾ?

ಇದನ್ನು ಒತ್ತಿ ಹೇಳುವುದಕ್ಕೆ ಕಾರಣ ಧರಮ್‌ವೀರ್ ಸಿಂಗ್ ಕೇಸು. ಅವರು ಸಿಗ್ನಲ್ಸ್ ಕೋರಿನ ಸಿಪಾಯಿ. ಫಿಟ್ಸ್ ಅಂತಲೇ, ಶೇ. 20 ಅಂತಲೇ, 1994ರಲ್ಲಿ ಬೋರ್ಡ್ ಔಟ್ ಆದವರು, ಅಂದರೆ ಮೆಡಿಕಲ್ ಬೋರ್ಡ್ ಮೂಲಕ ಸೇವೆಯಿಂದ ಹೊರಗೆ ಕಳಿಸಲ್ಪಟ್ಟವರು. 2013ರಲ್ಲಿ ಸುಪ್ರೀಂ ಕೋರ್ಟ್ ಅವರ ಪರ ತೀರ್ಪು ಕೊಟ್ಟಿತು. ಸೇರುವಾಗಿನ ಪರೀಕ್ಷೆಯಲ್ಲಿ ಕಾಯಿಲೆ ನಮೂದಾಗಿಲ್ಲ ಅಂದರೆ ಅದು ಸೇವೆಯಲ್ಲೇ ಬಂತು ಅಂತ ಭಾವಿಸಬೇಕು, ಅಲ್ಲ ಅನ್ನುವುದಾದರೆ ಸಾಬೀತು ಮಾಡುವ ಹೊಣೆ ಸೈನ್ಯದ್ದು, ಬೋರ್ಡ್ ಕಾರಣ ಬರೆಯಲೇಬೇಕು ಅಂದಿತು. ಆದರೆ ಎಚ್ಚರ. ಆ ತೀರ್ಪು ನಿಂತಿರುವುದು ಹಳೆಯ ಪಿಂಚಣಿ ನಿಯಮಗಳ ಮೇಲೆ. 2023ರ ಸೆಪ್ಟೆಂಬರಿನಲ್ಲಿ ಹೊಸ ನಿಯಮ ಬಂದಿದೆ. ಜೊತೆಗೆ ನೀನು ಅಗ್ನಿವೀರ, ನಿನಗೆ ಪಿಂಚಣಿಯೇ ಇಲ್ಲ. ಹಾಗಾಗಿ ಆ ತೀರ್ಪನ್ನು ಅರ್ಜಿಗೆ ಅಂಟಿಸಿದರಷ್ಟೇ ಸಾಲದು. ಅದರಲ್ಲಿ ‘ಕಾರಣ ಬರೆಯಬೇಕು’ ಅನ್ನುವ ಮಾತನ್ನು ಹಿಡಿದುಕೋ. ಉಳಿದದ್ದಕ್ಕೆ ನಿನ್ನ ರಕ್ತಪರೀಕ್ಷೆ, ಹುಡುಗರ ಹೇಳಿಕೆ, ಡಿಮ್ಹಾನ್ಸ್ ವರದಿ ಮಾತಾಡಬೇಕು.

ಅಗ್ನಿವೀರನಿಗೆ ಆ ಒಂದು ಕಲಂ ಎಷ್ಟು ಬೆಲೆ ಬಾಳುತ್ತದೆ ಗೊತ್ತಾ? ಕಾಯಿಲೆ ಸೇವೆಯಿಂದ ಅಂತ ಒಪ್ಪಿದರೆ ಶೇ. 100, 75, 50ರ ಅಂಗವೈಕಲ್ಯಕ್ಕೆ ಒಂದೇ ಸಲ 44, 25, 15 ಲಕ್ಷ ರೂಪಾಯಿ ಪರಿಹಾರ. ಶೇ. 20ರಿಂದ 49ರವರೆಗೆ ಇದ್ದರೆ 50 ಅಂತಲೇ ಲೆಕ್ಕ. ಸಂಬಂಧ ಇಲ್ಲ ಅಂದರೆ ಈ ಪರಿಹಾರ ಇಲ್ಲ.

ಈಗ ಮಾಡಬೇಕಾದ ಕೆಲಸ. ಬೋರ್ಡಿನ ಪೂರ್ತಿ ಕಾಗದ, ಸೇರುವಾಗ ಮಾಡಿದ ಮೆಡಿಕಲ್ ಪರೀಕ್ಷೆಯ ವರದಿ, ಆಸ್ಪತ್ರೆ ದಾಖಲೆ, ಡಿಸ್ಚಾರ್ಜ್ ಆದೇಶ, ಈ ನಾಲ್ಕೂ ನಿನ್ನ ಹತ್ತಿರ ಇರಬೇಕು. ಇಲ್ಲದಿದ್ದರೆ ರೆಕಾರ್ಡ್ ಆಫೀಸಿಗೆ ಆರ್‌ಟಿಐ ಹಾಕು. 10 ರೂಪಾಯಿಯ ಪೋಸ್ಟಲ್ ಆರ್ಡರ್ ಸಾಕು, 30 ದಿನದಲ್ಲಿ ಉತ್ತರ ಕೊಡಬೇಕು. ಡಿಸ್ಚಾರ್ಜ್ ಆದೇಶದಲ್ಲಿ ಯಾವ ನಿಯಮ ಬರೆದಿದ್ದಾರೆ ನೋಡು. ಕಸಮ್ ಪರೇಡ್ (ಟ್ರೈನಿಂಗ್ ಮುಗಿಸಿ ಪ್ರಮಾಣ ಮಾಡುವ ಪರೇಡ್) ಆಗದವರನ್ನು ‘ದಕ್ಷ ಸೈನಿಕನಾಗುವ ಸಾಧ್ಯತೆ ಇಲ್ಲ’ ಅಂತ ಕಳಿಸುವ ದಾರಿಯೂ ಇದೆ. ಮೆಡಿಕಲ್ ಬೋರ್ಡ್ ಮೂಲಕ ಕಳಿಸುವುದೇ ಬೇರೆ. ಎರಡಕ್ಕೂ ವಾದ ಬೇರೆ.

ಅಪೀಲು ಯಾರಿಗೆ ಅನ್ನುವುದು ನಿನಗೆ ಕೊಟ್ಟ ಪತ್ರದ ಕೊನೆಯಲ್ಲೇ ಇರುತ್ತದೆ. ಸಾಮಾನ್ಯವಾಗಿ ಆರು ತಿಂಗಳ ಗಡುವು. ನಿನಗೆ ಎರಡು ಕಳೆದಿದೆ. ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಇಟ್ಟುಕೋ. ತಿರಸ್ಕರಿಸಿದರೆ ಆರು ತಿಂಗಳೊಳಗೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ ಹೋಗಬಹುದು. ಆರು ತಿಂಗಳಾದರೂ ಉತ್ತರವೇ ಬರದಿದ್ದರೆ ಅಲ್ಲಿಂದ ಮುಂದಿನ ಆರು ತಿಂಗಳೊಳಗೆ ಹೋಗಬಹುದು. ಕರ್ನಾಟಕ ಬರುವುದು ಕೊಚ್ಚಿ ಪೀಠಕ್ಕೆ. ‘ಮೇಜರ್ ಸಾಹೇಬ್ರು ಗೊತ್ತು, ಎರಡು ಲಕ್ಷ ಕೊಡು, ವಾಪಸ್ ಸೇರಿಸ್ತೀನಿ’ ಅಂತ ಯಾರಾದರೂ ಮನೆ ಬಾಗಿಲಿಗೆ ಬಂದರೆ ನಿಮ್ಮಪ್ಪನಿಗೆ ಈ ಪುಟ ತೋರಿಸು. ಒಂದು ಪೈಸೆ ಕೊಡಬೇಡಿ.

ಪ್ರಶ್ನೆ: ನಾನು 2003ರಲ್ಲಿ ಟ್ರೈನಿಂಗ್‌ನ ಎಂಟನೇ ತಿಂಗಳಲ್ಲಿ ಕಿವಿ ತೊಂದರೆ ಅಂತ ಬೋರ್ಡ್ ಔಟ್ ಆದೆ. ಶೇ. 10 ಅಂತ ಬರೆದಿದ್ದರು. ಪಿಂಚಣಿ ಇಲ್ಲ ಅಂದರು, ಸುಮ್ಮನಾದೆ. ಈಗ ಕೇಳಬಹುದಾ? ತಡವಾಯಿತಲ್ವಾ? – ಸವದತ್ತಿ ಕಡೆಯವರು

ಉತ್ತರ: ತಡವಾಗಿದೆ, ಬಾಗಿಲು ಮುಚ್ಚಿಲ್ಲ. ನಿಮ್ಮದು ಹಳೆಯ ನಿಯಮದ ಕಾಲ, ಹಾಗಾಗಿ ಮೇಲೆ ಹೇಳಿದ ಧರಮ್‌ವೀರ್ ಸಿಂಗ್ ತೀರ್ಪು ನಿಮಗೆ ಆ ಹುಡುಗನಿಗಿಂತ ಹತ್ತಿರ. ಇನ್ನೊಂದು 2014ರ ಸುಖ್‌ವಿಂದರ್ ಸಿಂಗ್ ತೀರ್ಪು. ಕಾಯಿಲೆ ಅಂತ ಸೇವೆಯಿಂದಲೇ ಹೊರಗೆ ಕಳಿಸಿದ್ದರೆ ಅಂಗವೈಕಲ್ಯ ಶೇ. 20ಕ್ಕಿಂತ ಜಾಸ್ತಿ ಇತ್ತು ಅಂತಲೇ ಭಾವಿಸಬೇಕು ಅಂತ ಸುಪ್ರೀಂ ಕೋರ್ಟ್ ಅದರಲ್ಲಿ ಹೇಳಿದೆ. ತಡವಾದದ್ದಕ್ಕೆ 2008ರ ತರ್ಸೆಮ್ ಸಿಂಗ್ ತೀರ್ಪು ಇದೆ. ಪಿಂಚಣಿ ತಿಂಗಳು ತಿಂಗಳು ಸಿಗಬೇಕಾದ ಹಕ್ಕು, ಕೊಡದಿದ್ದರೆ ಪ್ರತಿ ತಿಂಗಳೂ ಹೊಸದಾಗಿ ತಪ್ಪಿದಂತೆ, ಆದ್ದರಿಂದ ತಡವಾದರೂ ಕೇಳಬಹುದು, ಆದರೆ ಹಿಂದಿನ ಬಾಕಿ ಅರ್ಜಿ ಹಾಕುವ ಮುಂಚಿನ ಮೂರು ವರ್ಷಕ್ಕಷ್ಟೇ.

ನನಗೆ ಭಯ ಇರುವುದು ಬೇರೆ ವಿಷಯಕ್ಕೆ. ಪಿಂಚಣಿ ಇಲ್ಲದವರ ಕಡತವನ್ನು ರೆಕಾರ್ಡ್ ಆಫೀಸು ಇಟ್ಟುಕೊಳ್ಳುವುದು 25 ವರ್ಷ. ಆಮೇಲೆ ನಾಶ ಮಾಡುತ್ತಾರೆ. ನಾನೇ ಅಂಥ ಪಟ್ಟಿಗಳನ್ನು ತಯಾರಿಸಿದ್ದೇನೆ, ನೂರಾರು ನಂಬರು ಒಂದೇ ಸಲ. ನಿಮ್ಮ ಕಡತದ ಆಯಸ್ಸು 2028ಕ್ಕೆ ಮುಗಿಯುತ್ತದೆ. ವಕೀಲರನ್ನು ಆಮೇಲೆ ಹುಡುಕಿ. ಈ ವಾರವೇ ಆರ್‌ಟಿಐ ಹಾಕಿ ಬೋರ್ಡಿನ ಪ್ರತಿ ಕೈಗೆ ತೆಗೆದುಕೊಳ್ಳಿ. ಮನೆಯಲ್ಲಿ ಡಿಸ್ಚಾರ್ಜ್ ಬುಕ್ ಇದ್ದರೆ ಮೊಬೈಲಿನಲ್ಲಿ ಎಲ್ಲ ಪುಟದ ಫೋಟೋ ತೆಗೆಸಿ ಮಗನಿಗೂ ಒಂದು ಪ್ರತಿ ಕಳಿಸಿಡಿ.

ಪ್ರಶ್ನೆ: ನನ್ನ ಮಗ ಖಡಕ್‌ವಾಸ್ಲಾದ ಎನ್‌ಡಿಎಯಲ್ಲಿ (ರಾಷ್ಟ್ರೀಯ ರಕ್ಷಣಾ ಅಕಾಡೆಮಿ) ಕೆಡೆಟ್ ಆಗಿದ್ದ. ತರಬೇತಿಯಲ್ಲಿ ಬೆನ್ನಿಗೆ ಪೆಟ್ಟಾಗಿ ಬೋರ್ಡ್ ಔಟ್ ಮಾಡಿದರು. ಅವನಿಗೂ ಇದೇ ನಿಯಮವಾ? – ಮಡಿಕೇರಿಯ ತಾಯಿ

ಉತ್ತರ: ಇಲ್ಲಮ್ಮ, ಬೇರೆ. ಕೆಡೆಟ್‌ಗಳಿಗೆ ಕಮಿಷನ್, ಅಂದರೆ ಅಧಿಕಾರಿಯಾಗಿ ನೇಮಕ, ಆಗಿರುವುದಿಲ್ಲ. ಹಾಗಾಗಿ ಅವರನ್ನು ಮಾಜಿ ಸೈನಿಕ ಅಂತ ಲೆಕ್ಕಕ್ಕೆ ತೆಗೆದುಕೊಂಡಿಲ್ಲ, ಪಿಂಚಣಿ ಬದಲು ಎಕ್ಸ್‌ಗ್ರೇಷಿಯಾ (ಹಕ್ಕಿನಿಂದಲ್ಲದೆ ಸರ್ಕಾರ ಕೊಡುವ ನೆರವಿನ ಹಣ) ಕೊಡುತ್ತಾರೆ. ಇದು ಅನ್ಯಾಯ ಅಂತ ನಾನು ಮೊದಲಿನಿಂದ ಹೇಳುತ್ತಾ ಬಂದಿದ್ದೇನೆ. 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಈ ವಿಷಯವನ್ನು ತಾನಾಗಿಯೇ ಕೈಗೆತ್ತಿಕೊಂಡಿತು. ಪೀಠದಲ್ಲಿ ನಮ್ಮವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಇದ್ದರು. ಅದೇ ತಿಂಗಳ ಕೊನೆಗೆ ಸರ್ಕಾರ ಇಂಥ ಕೆಡೆಟ್‌ಗಳಿಗೆ ಇಸಿಎಚ್‌ಎಸ್ (ಮಾಜಿ ಸೈನಿಕರ ಆರೋಗ್ಯ ಯೋಜನೆ) ಚಿಕಿತ್ಸೆ ಕೊಡಲು ಒಪ್ಪಿತು. ಬೆನ್ನಿನ ಪೆಟ್ಟಿಗೆ ಖರ್ಚು ವರ್ಷಗಟ್ಟಲೆ ಇರುತ್ತದೆ, ಆದ್ದರಿಂದ ಮೊದಲು ಆ ಕಾರ್ಡ್ ಮಾಡಿಸಿ. ಅರ್ಜಿ ಹೇಗೆ ಅಂತ ಮಡಿಕೇರಿಯ ಸೈನಿಕ ಕಲ್ಯಾಣ ಕಚೇರಿಯಲ್ಲಿ ಕೇಳಿ. ಪೆಟ್ಟಾದ ದಿನ ಬರೆದ ಇಂಜುರಿ ರಿಪೋರ್ಟಿನ ಪ್ರತಿ ನಿಮ್ಮ ಹತ್ತಿರ ಇದೆಯಾ ಅಂತ ಮಗನನ್ನು ಕೇಳಿ ನನಗೆ ಬರೆಯಿರಿ.