ಮುನ್ಸೂಚನೆ ನಂಬಿ ಹುಲ್ಲು ಒಣಗಿತು, ಮಳೆ ಸೆನ್ಸರ್ ಹಾಕಿಸಲೇ?

ಪ್ರಶ್ನೆ: ನಮ್ಮ ಸ್ಪ್ರಿಂಕ್ಲರ್ ಕಂಟ್ರೋಲರ್ ಇಂಟರ್ನೆಟ್‌ನಲ್ಲಿ ಹವಾಮಾನ ನೋಡಿ ತಾನೇ ನೀರು ಬಿಡುತ್ತದೆ. ಮಳೆಯ ಮುನ್ಸೂಚನೆ ಇದ್ದರೆ ನೀರು ಬಿಡುವುದಿಲ್ಲ. ಆದರೆ ಮಳೆ ಬರುವುದೇ ಇಲ್ಲ! ಒಮ್ಮೊಮ್ಮೆ ಜೋರು ಮಳೆಯಲ್ಲೂ ನೀರು ಹಾರಿಸುತ್ತಿರುತ್ತದೆ. ಬೇರೆ ಸೆನ್ಸರ್ ಬೇಕಾ?

ಉತ್ತರ: ಬೇಕು. ಮುನ್ಸೂಚನೆ ಇಡೀ ಪ್ರದೇಶಕ್ಕೆ ಹೇಳುವ ಮಾತು. ನಿಮ್ಮ ಹುಲ್ಲಿನ ಮೇಲೆ ಹನಿ ಬಿತ್ತೋ ಇಲ್ಲವೋ ಅದಕ್ಕೆ ಗೊತ್ತಾಗುವುದಿಲ್ಲ.

ಸಾದಾ ಸೆನ್ಸರ್ ಒಳಗೆ ಬೆಂಡಿನಂಥ ಬಿಲ್ಲೆಗಳಿರುತ್ತವೆ. ನೆನೆದರೆ ಉಬ್ಬಿ ಸ್ವಿಚ್ ಒತ್ತುತ್ತವೆ, ವಾಲ್ವ್‌ಗೆ ಹೋಗುವ ಕರೆಂಟ್ ಕಟ್ಟಾಗುತ್ತದೆ. ಒಣಗಿ ಕುಗ್ಗಿದರೆ ಮತ್ತೆ ಚಾಲೂ. ಎಷ್ಟು ಮಳೆಗೆ ನಿಲ್ಲಬೇಕು ಅಂತ ಸಾಮಾನ್ಯವಾಗಿ 3ರಿಂದ 25 ಮಿ.ಮೀ.ವರೆಗೆ ಹೊಂದಿಸಬಹುದು. ನಾನಾದರೆ 6ಕ್ಕೆ ಇಡುತ್ತೇನೆ. 3ಕ್ಕೆ ಇಟ್ಟರೆ ಸಣ್ಣ ತುಂತುರಿಗೂ ನಿಂತುಬಿಡುತ್ತದೆ, ಆ ನೀರು ಬೇರಿಗೆ ಇಳಿದಿರುವುದೇ ಇಲ್ಲ. ಇನ್ನು ಜಾಗ. ತಂತಿ ಉಳಿಸೋಣ ಅಂತ ಸೂರಿನ ಕೆಳಗೆ ಹೊಡೆದು ಹೋಗುವವರಿದ್ದಾರೆ, ಬಿಡಬೇಡಿ! ಮೇಲೆ ಬಯಲಾಗಿರಬೇಕು, ಮರದ ಕೊಂಬೆಯೂ ಅಡ್ಡ ಇರಬಾರದು. ಸ್ಪ್ರಿಂಕ್ಲರ್ ನೀರು ಅದಕ್ಕೆ ಸಿಡಿಯಬಾರದು. ಸಿಡಿದರೆ ತಾನು ಬಿಟ್ಟ ನೀರನ್ನೇ ಮಳೆ ಅಂದುಕೊಳ್ಳುತ್ತದೆ.

ಹಾಗಂತ ಹವಾಮಾನದ ಲೆಕ್ಕವೇ ಬೇಡ ಅಂತಲ್ಲ. ಬಿಸಿಲು, ಗಾಳಿ, ತಾಪಮಾನ, ತೇವಾಂಶ ನೋಡಿ ದಿನಕ್ಕೆ ಎಷ್ಟು ನೀರು ಆವಿಯಾಯಿತು ಅಂತ ಅಂದಾಜು ಮಾಡುವುದರಲ್ಲಿ ಅದರ ಉಪಯೋಗ ಜಾಸ್ತಿ. ದಿನಕ್ಕೆ 4 ಮಿ.ಮೀ.ನಂತೆ ಐದು ದಿನಕ್ಕೆ 20 ಮಿ.ಮೀ. ಹೋಯಿತು ಅನ್ನಿ. ನಡುವೆ 12 ಮಿ.ಮೀ. ಮಳೆ ಬಂತು. ಬಾಕಿ 8 ಮಿ.ಮೀ., ಅಂದರೆ ಚದರ ಮೀಟರ್‌ಗೆ 8 ಲೀಟರ್ ಕೊಟ್ಟರೆ ಸಾಕು. ಅರ್ಧ ಗಂಟೆಯಲ್ಲಿ ಧೋ ಅಂತ ಸುರಿದ ಮಳೆಯನ್ನು ಮಾತ್ರ ಪೂರ್ತಿ ಲೆಕ್ಕಕ್ಕೆ ಹಿಡಿಯಬೇಡಿ. ಜೇಡಿಮಣ್ಣಾದರೆ ಸಾಕಷ್ಟು ನೀರು ಹರಿದೇ ಹೋಗಿರುತ್ತದೆ. ಈ ಲೆಕ್ಕಕ್ಕೆ ಬಿಲ್ಲೆಯ ಸೆನ್ಸರ್ ಸಾಲದು, ಅದು ಬರೀ ನಿಲ್ಲಿಸುತ್ತದೆ, ಅಳೆಯುವುದಿಲ್ಲ. ಪುಟ್ಟ ತೊಟ್ಟಿ ತುಂಬಿದಾಗೆಲ್ಲ ಮಗುಚಿ ಎಣಿಸುವ ಮಳೆಮಾಪಕ ಬೇಕು.

ಕಂಟ್ರೋಲರ್‌ನಲ್ಲಿ ಹೀಗೆ ಹೊಂದಿಸಿ: ಮುನ್ಸೂಚನೆ ಇದ್ದರೆ ನೀರನ್ನು ಒಂದು ದಿನ ಮುಂದಕ್ಕೆ ಹಾಕಲಿ, ಅಷ್ಟೇ. ಕಡಿತ ಮಾಡುವುದು ಬಿದ್ದ ಮಳೆಗೆ ಮಾತ್ರ. ಸೆನ್ಸರ್ ಹಾಕಿದ ಮೇಲೂ ಮಳೆಯಲ್ಲಿ ನೀರು ಹಾರಿದರೆ ಕಂಟ್ರೋಲರ್‌ನ ಬೈಪಾಸ್ ಸ್ವಿಚ್ ನೋಡಿ, ಅದು ಬೈಪಾಸ್ ಕಡೆಗಿದ್ದರೆ ಸೆನ್ಸರ್ ಮಾತು ನಡೆಯುವುದಿಲ್ಲ. ರಿಪೇರಿಗೆ ಬಂದವರು ಅದನ್ನು ಬೈಪಾಸ್ ಕಡೆಗೇ ಬಿಟ್ಟುಹೋಗಿರುವುದುಂಟು.