ಕಿಟಕಿಯಾಚೆ ಬರೀ ಮೋಡ ಇರುವಾಗ ಪೈಲಟ್ ಇಳಿಯುವುದು ಏನನ್ನು ನೋಡಿ?

ನಿಮ್ಮ ಪ್ರಶ್ನೆ ಇಷ್ಟು: ಜುಲೈನಲ್ಲಿ ಗೋವಾದಿಂದ ಮುಂಬೈಗೆ ಬಂದಿರಿ, ಕಿಟಕಿಯಾಚೆ ಬೂದು ಮೋಡ ಬಿಟ್ಟರೆ ಏನೂ ಇರಲಿಲ್ಲ, ಆಮೇಲೆ ಇದ್ದಕ್ಕಿದ್ದ ಹಾಗೆ ಘಾಟ್‌ಕೋಪರದ ಛಾವಣಿಗಳು ಕಾಲ ಕೆಳಗೇ ಬಂದವು, ಅಷ್ಟರಲ್ಲಿ ಚಕ್ರ ನೆಲ ಮುಟ್ಟಿತು. ಎತ್ತರ ತೋರಿಸುವ ಮೀಟರ್ ಒಂದನ್ನೇ ನೋಡಿ ಇದನ್ನು ಮಾಡುತ್ತಾರಾ, ಇಲ್ಲಾ ಎಲ್ಲ ಕಂಪ್ಯೂಟರೇ ನೋಡಿಕೊಳ್ಳುತ್ತಾ ಅಂತ ಕೇಳಿದ್ದೀರಿ.

ಮೊದಲೇ ಹೇಳಿಬಿಡುತ್ತೇನೆ, ನಾನು ಪೈಲಟ್ ಅಲ್ಲ. ಆ ಸ್ಕ್ರೀನ್‌ಗಳನ್ನು ರಿಪೇರಿ ಮಾಡುವ ಏವಿಯಾನಿಕ್ಸ್ ಎಂಜಿನಿಯರ್. ಊರು ಕುಂದಾಪುರದ ಹತ್ತಿರ, ಹೊಟ್ಟೆಪಾಡು ಇಪ್ಪತ್ತೆರಡು ವರ್ಷದಿಂದ ಮುಂಬೈ ಏರ್‌ಪೋರ್ಟ್, ಅದರಲ್ಲೂ ಜಾಸ್ತಿ ರಾತ್ರಿ ಪಾಳಿ. ಆಗಾಗ ಕಾಕ್‌ಪಿಟ್ಟಿನ ಹಿಂದಿನ ಸೀಟಿನಲ್ಲಿ ಕೂತು ಬರುವ ಅವಕಾಶ ಸಿಕ್ಕಿದೆ. ನಾನು ಹೇಳುವುದೆಲ್ಲ ಬಹುಮಟ್ಟಿಗೆ ಏರ್‌ಬಸ್ ಎ320 ಕಥೆ, ಯಾಕಂದ್ರೆ ನನ್ನ ಕೈಯಲ್ಲಿ ಹೆಚ್ಚು ಪಳಗಿದ್ದು ಅದೇ.

ಎತ್ತರದ ಅಂಕಿ ಒಂದೇ ಸಾಕಾ? ಸಾಲದು. ಈಗ ನೀವು 7000 ಅಡಿಯಲ್ಲಿದ್ದೀರಿ ಅಂತ ಮೀಟರ್ ಹೇಳಿತು ಅನ್ನಿ. ಅದು ಒಳ್ಳೆಯದೋ ಕೆಟ್ಟದ್ದೋ? ರನ್‌ವೇ ಇನ್ನೂ 25 ಮೈಲಿ ದೂರ ಇದ್ದರೆ ಒಳ್ಳೆಯದು, ಹತ್ತೇ ಮೈಲಿ ಇದ್ದರೆ ಕೈ ಮೀರಿದ ಹಾಗೆ. ಖಂಡಾಲಾ ಘಾಟಿಯಲ್ಲಿ ಬಸ್ ಇಳಿಸುವ ಡ್ರೈವರ್‌ಗೆ ತಾನು ಎಷ್ಟು ಮೇಲಿದ್ದೇನೆ ಅನ್ನುವುದು ಮುಖ್ಯ ಅಲ್ಲ, ಮುಂದಿನ ತಿರುವಿಗೆ ಬರುವಷ್ಟರಲ್ಲಿ ಗಾಡಿ ಹಿಡಿತದಲ್ಲಿರುತ್ತಾ ಅನ್ನುವುದು ಮುಖ್ಯ. ಇದೂ ಹಾಗೇ. ಹಾಗಾಗಿ ಸ್ಕ್ರೀನಿನಲ್ಲಿರುವ ಅರ್ಧಕ್ಕರ್ಧ ಗುರುತುಗಳು ಇರುವುದು "ಹೀಗೇ ಹೋದರೆ ಎಲ್ಲಿ ಹೋಗಿ ನಿಲ್ಲುತ್ತೀಯ" ಅಂತ ಹೇಳುವುದಕ್ಕೆ.

ಎ320ಯಲ್ಲಿ ಒಂದೇ ತರಹದ ಆರು ಚೌಕ ಸ್ಕ್ರೀನ್‌ಗಳಿವೆ, ಒಂದನ್ನು ಬಿಚ್ಚಿ ಇನ್ನೊಂದರ ಜಾಗದಲ್ಲಿ ಕೂರಿಸಬಹುದು. ಪ್ರತಿ ಪೈಲಟ್‌ನ ಮುಂದೆ ಎರಡು, ಮಧ್ಯೆ ಎಂಜಿನ್ ಇತ್ಯಾದಿಗೆ ಎರಡು. ಪೈಲಟ್‌ನ ಎರಡರಲ್ಲಿ ಮುಖ್ಯವಾದದ್ದು ಪಿಎಫ್‌ಡಿ, ಇನ್ನೊಂದು ನಕ್ಷೆ ತೋರಿಸುವ ಎನ್‌ಡಿ. ಪಿಎಫ್‌ಡಿ ಇರುವ ಸ್ಕ್ರೀನ್ ಕೈಕೊಟ್ಟರೆ ಆ ಚಿತ್ರ ತಾನೇ ಪಕ್ಕದ ಸ್ಕ್ರೀನಿಗೆ ಹಾರುತ್ತದೆ, ನಕ್ಷೆ ಹೋದರೂ ಪರವಾಗಿಲ್ಲ ಅನ್ನುವ ಲೆಕ್ಕ. ಯಾವುದು ಎಷ್ಟು ಮುಖ್ಯ ಅಂತ ಇದರಲ್ಲೇ ಗೊತ್ತಾಗುತ್ತೆ ಅಲ್ವಾ.

ಪಿಎಫ್‌ಡಿಯ ಮಧ್ಯದಲ್ಲಿ ನೀಲಿ ಆಕಾಶ, ಕಂದು ನೆಲ. ಎಡಕ್ಕೆ ವೇಗದ ಪಟ್ಟಿ, ಬಲಕ್ಕೆ ಎತ್ತರದ ಪಟ್ಟಿ, ಅದರಾಚೆ ನಿಮಿಷಕ್ಕೆ ಎಷ್ಟು ಅಡಿ ಏರುತ್ತಿದ್ದೇವೆ ಇಳಿಯುತ್ತಿದ್ದೇವೆ ಅಂತ ಹೇಳುವ ಸೂಜಿ. ಈ ಸೂಜಿ ಸುಮ್ನೆ ಅಳೆಯುವುದಷ್ಟೇ ಅಲ್ಲ, ಹದ ಮೀರಿದರೆ ಬಣ್ಣವನ್ನೂ ಬದಲಾಯಿಸುತ್ತದೆ. ನೆಲದಿಂದ 1000 ಅಡಿಗಿಂತ ಕೆಳಗಿದ್ದು ನಿಮಿಷಕ್ಕೆ 1200 ಅಡಿಗಿಂತ ಜೋರಾಗಿ ಇಳಿಯುತ್ತಿದ್ದರೆ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ.

ಇನ್ನು ನನಗೆ ತುಂಬಾ ಇಷ್ಟವಾದದ್ದು "ಬರ್ಡ್". ಹಕ್ಕಿಯ ಹಾಗೆ ಕಾಣುವ ಒಂದು ಪುಟ್ಟ ಗುರುತು, ಗುಂಡಿ ಒತ್ತಿದರೆ ಬರುತ್ತದೆ. ಹೊರಗಿನವರಿಗೆ ಗೊತ್ತಿರದ ವಿಷಯ ಏನೆಂದರೆ, ವಿಮಾನದ ಮೂತಿ ಎತ್ತ ನೋಡುತ್ತಿದೆಯೋ ವಿಮಾನ ಅತ್ತ ಹೋಗುತ್ತಿರಬೇಕು ಅಂತೇನಿಲ್ಲ. ಲ್ಯಾಂಡಿಂಗ್‌ಗೆ ಬರುವಾಗ ಎ320ಯ ಮೂತಿ ಎರಡು ಮೂರು ಡಿಗ್ರಿ ಮೇಲಕ್ಕೇ ಇರುತ್ತದೆ, ವಿಮಾನ ಮಾತ್ರ ಮೂರು ಡಿಗ್ರಿ ಕೆಳಕ್ಕೆ ಜಾರುತ್ತಿರುತ್ತದೆ. ಮೂತಿ ನೋಡಿಕೊಂಡು ಕೂತರೆ ಮೋಸ ಹೋಗುತ್ತೀರಿ. ಬರ್ಡ್ ಮೂತಿಯನ್ನು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ, ನಿಜವಾಗಿ ಎತ್ತ ಹೋಗುತ್ತಿದ್ದೇವೆ ಅಂತ ತೋರಿಸುತ್ತದೆ.

ನಿಮ್ಮ ಗೋವಾ-ಮುಂಬೈ ದಾರಿಯನ್ನೇ ತಗೊಳ್ಳಿ. ಪೈಲಟ್‌ಗಳ ಬಾಯಿಲೆಕ್ಕ ಒಂದಿದೆ: ಎಷ್ಟು ಸಾವಿರ ಅಡಿ ಇಳಿಯಬೇಕೋ ಅದರ ಮೂರರಷ್ಟು ನಾಟಿಕಲ್ ಮೈಲಿ ಬೇಕು. 36,000 ಅಡಿಯಲ್ಲಿದ್ದರೆ 108 ಮೈಲಿ, ವೇಗ ಕಳೆಯುವುದಕ್ಕೆ ಮೇಲೆ ಹತ್ತು ಸೇರಿಸಿ, ಹತ್ತಿರ ಹತ್ತಿರ 120. ಅಂದರೆ 220 ಕಿಲೋಮೀಟರ್. ರತ್ನಾಗಿರಿ ಆಸುಪಾಸಿನಲ್ಲಿರುವಾಗಲೇ ಮುಂಬೈಗೆ ಇಳಿಯಲು ಶುರು ಮಾಡಬೇಕು! ಕಂಪ್ಯೂಟರ್ ಇದೇ ಲೆಕ್ಕವನ್ನು ಗಾಳಿ, ತೂಕ ಎಲ್ಲ ಹಿಡಿದು ಇನ್ನೂ ನಾಜೂಕಾಗಿ ಮಾಡಿ, ಎನ್‌ಡಿ ನಕ್ಷೆಯ ಮೇಲೆ ಕೆಳಕ್ಕೆ ಬಾಗಿದ ಒಂದು ಬಾಣ ಬರೆಯುತ್ತದೆ. ಇಲ್ಲಿಂದ ಇಳಿ ಅಂತ.

ಇಳಿಯಲು ಶುರು ಮಾಡಿದ ಮೇಲೆ ಎತ್ತರದ ಪಟ್ಟಿಯ ಪಕ್ಕದಲ್ಲಿ ಒಂದು ಚುಕ್ಕೆ ಬರುತ್ತದೆ. ಪೈಲಟ್‌ಗಳು ಅದನ್ನು ಯೋಯೋ ಅನ್ನುತ್ತಾರೆ, ಕೆಲವರು ಡೋನಟ್ ಅನ್ನುತ್ತಾರೆ. ಕಂಪ್ಯೂಟರ್ ಹಾಕಿಕೊಟ್ಟ ಇಳಿಜಾರು ಎಲ್ಲಿದೆ ಅಂತ ಹೇಳುವುದು ಅದರ ಕೆಲಸ. ಚುಕ್ಕೆ ಮಧ್ಯದಲ್ಲಿದ್ದರೆ ಸರಿದಾರಿ. ಚುಕ್ಕೆ ಕೆಳಗಿದ್ದರೆ ದಾರಿ ಕೆಳಗಿದೆ, ನೀವು ಮೇಲಿದ್ದೀರಿ. ಮೇಲೆ ಕೆಳಗೆ 500 ಅಡಿಯವರೆಗೆ ತೋರಿಸುತ್ತದೆ, ಅದಕ್ಕಿಂತ ತಪ್ಪಿದರೆ ಅಂಚಿಗೆ ಹೋಗಿ ಅಂಟಿಕೊಳ್ಳುತ್ತದೆ.

ಒಮ್ಮೆ ನಾನೂ ಇದೇ ದಾರಿಯಲ್ಲಿ ಹಿಂದಿನ ಸೀಟಿನಲ್ಲಿ ಬಂದಿದ್ದೆ. ಕೋ-ಪೈಲಟ್ ಮೂಡುಬಿದಿರೆ ಕಡೆಯ ಹುಡುಗ. ಮಳೆಗಾಲ, ಮುಂಬೈಯಲ್ಲಿ ಟ್ರಾಫಿಕ್ಕು, ನೆಲದಿಂದ ವಿಮಾನಗಳಿಗೆ ದಾರಿ ಹೇಳುವ ಎಟಿಸಿಯವರು ಇಳಿಯುವುದಕ್ಕೇ ಬಿಡಲಿಲ್ಲ. ಯೋಯೋ ಮೆಲ್ಲಗೆ ಕೆಳಗೆ ಜಾರುತ್ತಾ ಜಾರುತ್ತಾ ಅಂಚಿಗೆ ಹೋಗಿ ಕೂತಿತು. "ನೋಡಿ ಸರ್, ಇನ್ನು ಇದು ನಮಗೆ ಪ್ರಯೋಜನಕ್ಕಿಲ್ಲ" ಅಂದ ಹುಡುಗ. ಅದು ಕಂಪ್ಯೂಟರ್ ಅಂದುಕೊಂಡ ದಾರಿಗೆ ಮಾತ್ರ ಸರಿ, ಎಟಿಸಿಯವರು ಬೇರೆ ದಿಕ್ಕಿಗೆ ತಿರುಗಿಸಿದ ಮೇಲೆ ಆ ದಾರಿಯೇ ಇಲ್ಲವಲ್ಲ. ಆಗ ಇಬ್ಬರೂ ನೋಡತೊಡಗಿದ್ದು ಎನ್‌ಡಿ ಮೇಲಿನ ಒಂದು ಹಸಿರು ಕಮಾನನ್ನು. ಎನರ್ಜಿ ಸರ್ಕಲ್ ಅಂತ ಹೆಸರು. ಈಗಿರುವ ಎತ್ತರ ಮತ್ತು ವೇಗ ಎರಡನ್ನೂ ಕಳೆದು ಇಳಿಯುವುದಕ್ಕೆ ಕನಿಷ್ಠ ಎಷ್ಟು ದೂರ ಬೇಕು ಅಂತ ಅದು ನಮ್ಮ ವಿಮಾನದ ಮುಂದೆ ಕಮಾನು ಹಾಕಿ ತೋರಿಸುತ್ತದೆ. ರನ್‌ವೇ ಆ ಕಮಾನಿನ ಆಚೆ ಇದ್ದರೆ ಜಾಗ ಸಾಕು. ಕಮಾನಿನೊಳಗೆ ಬಂದುಬಿಟ್ಟರೆ ನೇರ ಹೋಗಿ ಇಳಿಯಲು ಆಗುವುದಿಲ್ಲ. ಆ ದಿನ ರನ್‌ವೇ ಗುರುತು ಕಮಾನಿನ ಗೆರೆಗೆ ತಾಗಿಕೊಂಡೇ ಇತ್ತು. ಕ್ಯಾಪ್ಟನ್ ಏನೂ ಮಾತಾಡದೆ ಸ್ಪೀಡ್‌ಬ್ರೇಕ್ ಎಳೆದರು, ರೆಕ್ಕೆಯ ಮೇಲಿನ ಹಲಗೆಗಳು ಎದ್ದು ವಿಮಾನ ಗಡಗಡ ಅಂದಿತು (ನೀವು ಭಯಪಡುವ ಆ ಗಡಗಡ ಬಹಳ ಸಲ ಇದೇ), ಸ್ವಲ್ಪ ಹೊತ್ತಿಗೆ ಕಮಾನು ಚಿಕ್ಕದಾಗುತ್ತಾ ರನ್‌ವೇಯಿಂದ ಹಿಂದೆ ಸರಿಯಿತು. ಒಂದು ಗೆರೆ ನೋಡಿ ಇಷ್ಟು ಸಮಾಧಾನ ಆಗಬಹುದು ಅಂತ ನನಗೆ ಅವತ್ತೇ ಗೊತ್ತಾಗಿದ್ದು, ಅಷ್ಟು ವರ್ಷ ಅದು ಬರುತ್ತಾ ಇಲ್ಲವಾ ಅಂತ ಮಾತ್ರ ಟೆಸ್ಟ್ ಮಾಡುತ್ತಿದ್ದೆ.

ಬೋಯಿಂಗ್‌ನಲ್ಲೂ ಹಸಿರು ಕಮಾನು ಇದೆ, ಆದರೆ ಅದು ಹೇಳುವುದು ಬೇರೆ: ಪೈಲಟ್ ಆರಿಸಿಟ್ಟ ಎತ್ತರವನ್ನು ಈ ವೇಗದಲ್ಲಿ ನಕ್ಷೆಯ ಯಾವ ಜಾಗದಲ್ಲಿ ಮುಟ್ಟುತ್ತೀಯ ಅಂತ. 787, ಎ350 ತರಹದ ಹೊಸ ವಿಮಾನಗಳಲ್ಲಿ ನಕ್ಷೆಯ ಕೆಳಗೆ ಪಕ್ಕದಿಂದ ನೋಡಿದ ಚಿತ್ರವೂ ಬರುತ್ತದೆ, ಗುಡ್ಡಗಳ ಸಾಲು, ಅದರ ಮೇಲೆ ನಮ್ಮ ಇಳಿಜಾರು. ನಾನು ಕೈಹಾಕಿದ ಎ320ಗಳಲ್ಲಿ ಅದಿಲ್ಲ. ಹೊಟ್ಟೆಕಿಚ್ಚಿದೆ.

ಕಂಪ್ಯೂಟರೇ ಎಲ್ಲ ನೋಡಿಕೊಳ್ಳುತ್ತಾ ಅನ್ನುವುದಕ್ಕೆ ಬರುತ್ತೇನೆ. ಪಿಎಫ್‌ಡಿಯ ನೆತ್ತಿಯಲ್ಲಿ ಒಂದು ಸಾಲು ಅಕ್ಷರಗಳಿರುತ್ತವೆ, ಎಫ್‌ಎಂಎ ಅಂತಾರೆ. ಆಟೋಪೈಲಟ್ ಈಗ ಯಾವ ಮೋಡ್‌ನಲ್ಲಿದೆ ಅಂತ ಅಲ್ಲಿ ಬರೆದಿರುತ್ತದೆ. ಮೋಡ್ ಬದಲಾದರೆ ಹತ್ತು ಸೆಕೆಂಡ್ ಅದರ ಸುತ್ತ ಒಂದು ಚೌಕ ಬರುತ್ತದೆ, ಪೈಲಟ್ ಅದನ್ನು ಬಾಯಿಬಿಟ್ಟು ಓದಬೇಕು. ನನ್ನನ್ನು ಕೇಳಿದರೆ ಇಡೀ ಕಾಕ್‌ಪಿಟ್ಟಿನಲ್ಲಿ ಅತಿ ಮುಖ್ಯವಾದದ್ದು ಈ ಸಾಲೇ. ಯಾಕೆ ಅಂದ್ರೆ, 1992ರ ಜನವರಿ 20ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ಹತ್ತಿರ ಏರ್ ಇಂಟರ್ ಕಂಪನಿಯ ಎ320 ಬೆಟ್ಟಕ್ಕೆ ಬಡಿಯಿತು, 87 ಜನ ಹೋದರು. ಇಳಿಯುವುದನ್ನು ಒಂದೇ ಗುಂಡಿಯಿಂದ ಎರಡು ರೀತಿ ಹೇಳಬಹುದಿತ್ತು: ಇಷ್ಟು ಡಿಗ್ರಿ ಅಂತ, ಅಥವಾ ನಿಮಿಷಕ್ಕೆ ಇಷ್ಟು ಅಡಿ ಅಂತ. 3.3 ಡಿಗ್ರಿ ಅಂದರೆ ನಿಮಿಷಕ್ಕೆ ಸುಮಾರು 800 ಅಡಿ, ನಿಧಾನದ ಇಳಿತ. ಆದರೆ ಮೋಡ್ ಬೇರೆ ಇದ್ದರೆ ಅಂಕಿ ತೋರಿಸುವ ಅದೇ ಪುಟ್ಟ ಕಿಂಡಿಯಲ್ಲಿ 33 ಅಂತ ಕಾಣುತ್ತಿತ್ತು, ಅರ್ಥ ನಿಮಿಷಕ್ಕೆ 3300 ಅಡಿ. ಇದರಲ್ಲೇ ಗೊಂದಲ ಆಗಿರಬೇಕು ಅನ್ನುವುದು ತನಿಖೆಯಲ್ಲಿ ಹೊರಬಂದ ಬಲವಾದ ಸಾಧ್ಯತೆ. ಆಮೇಲೆ ಏರ್‌ಬಸ್‌ನವರು ಅಡಿಯ ಲೆಕ್ಕವನ್ನು ನಾಲ್ಕು ಅಂಕಿಯಲ್ಲಿ ಪೂರ್ತಿ ಬರೆಯುವ ಹಾಗೆ ಮಾಡಿದರು. ಎರಡು ಸೊನ್ನೆ ಸೇರಿಸಿದ್ದು, ಅಷ್ಟೇ.

ನಮ್ಮಲ್ಲೂ ಆಗಿದೆ. 1990ರ ಫೆಬ್ರವರಿ 14ರಂದು ಇದೇ ಮುಂಬೈಯಿಂದ ಬೆಂಗಳೂರಿಗೆ ಹೋದ ಇಂಡಿಯನ್ ಏರ್‌ಲೈನ್ಸ್ ಎ320 ರನ್‌ವೇಗೆ ಮೊದಲೇ ನೆಲಕ್ಕೆ ಬಿತ್ತು, ವಿಮಾನದಲ್ಲಿದ್ದ 146 ಜನರಲ್ಲಿ 92 ಜನ ತೀರಿಕೊಂಡರು. ಕೊನೆಯ ಹಂತದಲ್ಲಿ ಅದು ಓಪನ್ ಡಿಸೆಂಟ್ ಅನ್ನುವ ಮೋಡ್‌ನಲ್ಲಿತ್ತು. ಆ ಮೋಡ್‌ನಲ್ಲಿ ಎಂಜಿನ್ ಐಡಲ್‌ಗೆ, ಅಂದರೆ ತೀರಾ ಕಡಿಮೆ ಬಲಕ್ಕೆ ಹೋಗುತ್ತದೆ, ವೇಗ ಇಳಿದುಹೋಗಿತ್ತು.

ಇನ್ನೊಂದು ಎಡವಟ್ಟು ಮುಂಬೈ ಮಳೆಗಾಲಕ್ಕೆ ಹೇಳಿ ಮಾಡಿಸಿದ್ದು. ಎತ್ತರದ ಪಟ್ಟಿ ಗಾಳಿಯ ಒತ್ತಡದಿಂದ ಎತ್ತರ ಲೆಕ್ಕ ಹಾಕುತ್ತದೆ. ಮೇಲೆ ಹಾರುವಾಗ ಎಲ್ಲರೂ 1013 (ಹೆಕ್ಟೋಪಾಸ್ಕಲ್, ಒತ್ತಡದ ಅಳತೆ) ಅಂತ ಇಟ್ಟುಕೊಂಡಿರುತ್ತಾರೆ, ಇಳಿಯುವಾಗ ಅಲ್ಲಿನ ಒತ್ತಡಕ್ಕೆ ತಿರುಗಿಸಬೇಕು. ಜುಲೈನಲ್ಲಿ ಮುಂಬೈಯ ಒತ್ತಡ 1000ದ ಹತ್ತಿರ ಬಂದಿದ್ದು ಪೈಲಟ್ ತಿರುಗಿಸಲು ಮರೆತರೆ, ಒಂದು ಅಂಕಕ್ಕೆ ಇಪ್ಪತ್ತೇಳು ಇಪ್ಪತ್ತೆಂಟು ಅಡಿಯಂತೆ 350 ಅಡಿಗೂ ಮೇಲೆ ವ್ಯತ್ಯಾಸ ಬರುತ್ತದೆ. ಅದೂ ಯಾವ ಕಡೆಗೆ? ಇರುವುದಕ್ಕಿಂತ ಮೇಲಿದ್ದೇವೆ ಅಂತ ತೋರಿಸುವ ಕಡೆಗೆ. ಯೋಯೋ ಕೂಡ ಅದೇ ಒತ್ತಡದ ಲೆಕ್ಕವನ್ನು ನಂಬಿದ್ದು, ಆದ್ದರಿಂದ ಅದು ಮಧ್ಯದಲ್ಲೇ ನಗುನಗುತ್ತಾ ಕೂತಿರುತ್ತದೆ. ತಪ್ಪನ್ನು ಹಿಡಿಯುವುದು ನೆಲಕ್ಕೆ ರೇಡಿಯೊ ಅಲೆ ಬಡಿದು ಅಳೆಯುವ ಇನ್ನೊಂದು ಮೀಟರ್. 2500 ಅಡಿಯಿಂದ ಕೆಳಗೆ ಅದರ ಅಂಕಿ ಪಿಎಫ್‌ಡಿಯ ಬುಡದಲ್ಲಿ ಬರುತ್ತದೆ. ಒತ್ತಡದ ಗೊಡವೆಯೇ ಇಲ್ಲದ ಮತ್ತೊಂದು ಐಎಲ್‌ಎಸ್, ರನ್‌ವೇ ಪಕ್ಕದ ಆಂಟೆನಾದಿಂದ ಹೊರಡುವ ಕಿರಣ. ನಿಮ್ಮ ವಿಮಾನ ಬಂದದ್ದು ಬಹುತೇಕ ಇದನ್ನೇ ಹಿಡಿದು.

ಐಎಲ್‌ಎಸ್ ಹಿಡಿದ ಮೇಲೆ ಎತ್ತರದ ಪಟ್ಟಿಯ ಎಡಕ್ಕೆ ಒಂದು ಮೆಜೆಂಟಾ ಬಣ್ಣದ ಹರಳಿನಾಕಾರದ ಗುರುತು. ಯೋಯೋ ತರಹವೇ ಓದುವುದು, ಕೆಳಗಿದ್ದರೆ ನೀವು ಮೇಲೆ. ವ್ಯತ್ಯಾಸ ಏನಂದ್ರೆ ಇದು ಕೋನದ ಲೆಕ್ಕ, ರನ್‌ವೇ ಹತ್ತಿರವಾದಷ್ಟೂ ಬಿಗಿಯಾಗುತ್ತದೆ. ಈ ಮೂರು ಡಿಗ್ರಿ ಕಿರಣದ ಮೇಲೆ ಕಡಿದಾದ ಸುಳ್ಳು ಕಿರಣಗಳೂ ಇರುತ್ತವೆ, ಅದಕ್ಕೇ ಯಾವಾಗಲೂ ಕೆಳಗಿನಿಂದ ಬಂದು ಹಿಡಿಯುತ್ತಾರೆ, ಮತ್ತು ಅದಕ್ಕೇ ಎತ್ತರ ತಾಳೆ ನೋಡಲು ಆ ಹಳೇ ಮೂರರ ಮಗ್ಗಿಯನ್ನು (ಮೈಲಿಗೆ ಮುನ್ನೂರು ಅಡಿ) ಬಿಟ್ಟಿಲ್ಲ. ಠಾಣೆ ಖಾಡಿ ದಾಟುವಾಗ ರನ್‌ವೇಗೆ ಸುಮಾರು ಐದು ಮೈಲಿ, ಎತ್ತರ 1500 ಅಡಿ ಚಿಲ್ಲರೆ ಇರಬೇಕು. ನಿಮಗೆ ಛಾವಣಿ ಕಂಡ ಘಾಟ್‌ಕೋಪರ ಸ್ಟೇಷನ್ ಮೇಲೆ ನಾಲ್ಕೈದು ನೂರು ಅಡಿ.

ಈ ಲೆಕ್ಕ ತಪ್ಪಿದ್ದನ್ನು ನಮ್ಮ ಕಡೆಯವರು ಯಾರೂ ಮರೆಯಲು ಸಾಧ್ಯವಿಲ್ಲ. 2010ರ ಮೇ 22, ದುಬೈಯಿಂದ ಮಂಗಳೂರಿಗೆ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್, 158 ಜನ ತೀರಿಕೊಂಡರು. ಮಂಗಳೂರಿನ ರೇಡಾರ್ ಆಗ ಕೆಲಸ ಮಾಡುತ್ತಿರಲಿಲ್ಲ, ಇಳಿಯಲು ಶುರು ಮಾಡಿದ್ದೇ ತಡ. ರನ್‌ವೇ ಕಡೆಗೆ ಬರುವಾಗ ಇರಬೇಕಾದ ಎತ್ತರದ ಹೆಚ್ಚುಕಡಿಮೆ ದುಪ್ಪಟ್ಟಿನಲ್ಲಿತ್ತು. 8000 ಅಡಿ ರನ್‌ವೇಯಲ್ಲಿ 5200 ಅಡಿ ಕಳೆದ ಮೇಲೆ ಚಕ್ರ ಮುಟ್ಟಿತು. ಸ್ಕ್ರೀನ್‌ಗಳು ಕೆಟ್ಟಿರಲಿಲ್ಲ. ವಾರ್ನಿಂಗ್ ಕೂಗುತ್ತಿತ್ತು, ಗೋ ಅರೌಂಡ್ ಮಾಡೋಣ, ಅಂದರೆ ಇಳಿಯದೆ ವಾಪಸ್ ಮೇಲೇರೋಣ ಅಂತ ಕೋ-ಪೈಲಟ್ ಹೇಳಿದ್ದರು ಕೂಡ. ಆವತ್ತು ರಾತ್ರಿ ಪಾಳಿ ಮುಗಿಸಿ ಮನೆಗೆ ಬಂದವನು ಟಿವಿ ಮುಂದೆ ಕೂತವನು ಮಧ್ಯಾಹ್ನದವರೆಗೆ ಏಳಲಿಲ್ಲ.

ಕಿಟಕಿಯೋ ಸ್ಕ್ರೀನೋ ಅನ್ನುವುದು ಬಾಕಿ ಉಳಿಯಿತು. ಸಾಮಾನ್ಯ ಐಎಲ್‌ಎಸ್‌ನಲ್ಲಿ ನೆಲದಿಂದ 200 ಅಡಿಯವರೆಗೆ ಸ್ಕ್ರೀನ್. ಅಲ್ಲಿ "ಮಿನಿಮಮ್" ಅಂತ ದನಿ ಬರುತ್ತದೆ, ರನ್‌ವೇಗೆ ಇನ್ನೂ ಒಂದು ಕಿಲೋಮೀಟರ್‌ಗೂ ಕಡಿಮೆ. ದೀಪಗಳು ಕಾಣದಿದ್ದರೆ ವಾಪಸ್ ಮೇಲಕ್ಕೆ. ಕಂಡರೆ ಕಣ್ಣು ಹೊರಗೆ, ರನ್‌ವೇ ಪಕ್ಕದಲ್ಲಿ ಇಳಿಜಾರು ತೋರಿಸುವ ನಾಲ್ಕು ದೀಪಗಳ (ಹೆಸರು PAPI) ಮೇಲೆ. ನಾಲ್ಕೂ ಬಿಳಿಯಾದರೆ ಜಾಸ್ತಿ ಮೇಲಿದ್ದೀರಿ, ನಾಲ್ಕೂ ಕೆಂಪಾದರೆ ಜಾಸ್ತಿ ಕೆಳಗಿದ್ದೀರಿ. ಆ ಮೂಡುಬಿದಿರೆ ಹುಡುಗ ಅಷ್ಟೆಲ್ಲ ಸ್ಕ್ರೀನ್ ತೋರಿಸಿ, ಕೊನೆಗೆ ಮಳೆಯ ಮಧ್ಯೆ ಅವು ಕಂಡಾಗ ಬಾಯಿಬಿಟ್ಟು ಎಣಿಸಿದ್ದು ಹೀಗೆ: ಎರಡು ಬಿಳಿ, ಎರಡು ಕೆಂಪು.